ಮಠ ಅಳಿದ ಮೇಲೆ ಉಳಿದ ಒಕ್ಕಲು: ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯ ಚರಿತ್ರೆ



ಹಳೆಯ ಇಗರ್ಜಿಯೊಂದರ ಚರಿತ್ರೆ ಹೇಳಬೇಕಾದಾಗ ನಾವು ಸಾಮಾನ್ಯವಾಗಿ ಕಟ್ಟಡವನ್ನು ಹಿಡಿದು ಹೊರಡುತ್ತೇವೆ. ಅಡಿಗಲ್ಲು ಇಟ್ಟವರು ಯಾರು, ಗಂಟೆ ಎಲ್ಲಿಂದ ಬಂತು, ಗೋಪುರ ಯಾವಾಗ ಎದ್ದಿತು ಎಂದು ಕೇಳುತ್ತೇವೆ. ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ನಾನು ಇಂದು ತಮ್ಮ ಮುಂದಿಡಲಿರುವ ಇಗರ್ಜಿಯ ವಿಷಯದಲ್ಲಿ ಅವು ಸಾಲವು. ನೇತ್ರಾವತಿಯ ದಡದಲ್ಲಿ, ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ಪುದು ಗ್ರಾಮದ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಇಗರ್ಜಿ ಸನ್ಯಾಸಿಗಳ ನೆಲೆಯಾಗಿ ಹುಟ್ಟಿತು, ಊರಿನ ಭಕ್ತರ ಇಗರ್ಜಿಯಾಗಿ ಬೆಳೆಯಿತು, ಒಮ್ಮೆ ಭಕ್ತರನ್ನೂ ಗುರುಗಳನ್ನೂ ಒಟ್ಟಿಗೆ ಕಳೆದುಕೊಂಡಿತು, ಮತ್ತೆ ಜೀವ ತಳೆಯಿತು. ಇಷ್ಟೆಲ್ಲ ಆದ ಮೇಲೂ ಅದು ಅದೇ ಇಗರ್ಜಿ ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ? ನನ್ನ ಉಪನ್ಯಾಸ ಈ ಪ್ರಶ್ನೆಯ ಸುತ್ತಲೇ ಇರುತ್ತದೆ. ಇಗರ್ಜಿಯನ್ನು ಮಠ ಹುಟ್ಟಿಸಬಲ್ಲದು; ಅದನ್ನು ದಾಟಿಸಿಕೊಂಡು ಬರುವುದು ಒಕ್ಕಲು. ಫರಂಗಿಪೇಟೆಯ ಚರಿತ್ರೆಯಿಂದ ನಾನು ತಿಳಿದುಕೊಂಡಿರುವುದು ಇದು.

ಮೊದಲು ಎರಡು ವ್ಯವಸ್ಥೆಗಳನ್ನು ಬೇರ್ಪಡಿಸಿ ನೋಡೋಣ. ಕ್ಯಾಥೋಲಿಕ್ ಧರ್ಮಸಭೆಯಲ್ಲಿ ಸನ್ಯಾಸಿಗಳ ಮಠ ಬೇರೆ, ಧರ್ಮಕೇಂದ್ರ ಬೇರೆ. ಮಠದಲ್ಲಿರುವವರು ಒಂದು ನಿಯಮಕ್ಕೆ, ಒಬ್ಬ ಶ್ರೇಷ್ಠರಿಗೆ ವಿಧೇಯರು; ಅವರನ್ನು ಬಂಧಿಸುವುದು ಅವರು ತೊಟ್ಟ ವ್ರತ. ಧರ್ಮಕೇಂದ್ರಕ್ಕೆ ಗಡಿ ಉಂಟು. ಆ ಗಡಿಯೊಳಗೆ ಹುಟ್ಟಿದ ಮಗುವಿಗೆ ಜ್ಞಾನಸ್ನಾನ, ಕೂಡಿದ ಜೋಡಿಗೆ ಮದುವೆ, ಸತ್ತವರಿಗೆ ಮಣ್ಣು, ಎಲ್ಲವೂ ಅಲ್ಲಿಯ ಗುರುಗಳ ಹೊಣೆ. ಅವರು ಧರ್ಮಾಧ್ಯಕ್ಷರಿಗೆ ಉತ್ತರ ಹೇಳಬೇಕು. 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆ ಈ ಎರಡನೆಯ ವ್ಯವಸ್ಥೆಯನ್ನು ಬಿಗಿಗೊಳಿಸಿತು. ಮದುವೆಯ ದಾಖಲೆ, ಜ್ಞಾನಸ್ನಾನದ ದಾಖಲೆ, ಗುರುಗಳು ತಮ್ಮ ಊರಿನಲ್ಲೇ ವಾಸಿಸಬೇಕೆಂಬ ಕಟ್ಟಳೆ, ಇವೆಲ್ಲ ಆಗ ಗಟ್ಟಿಯಾದವು. ಪೋರ್ಚುಗೀಸರ ಪೂರ್ವದೇಶಗಳಲ್ಲಾದರೋ ಧರ್ಮಾಧ್ಯಕ್ಷರ ಕೈಕೆಳಗಿನ ಗುರುಗಳು ಸಾಕಷ್ಟು ಇರಲಿಲ್ಲ. ಹಾಗಾಗಿ ಸನ್ಯಾಸಿಗಳೇ ಧರ್ಮಕೇಂದ್ರದ ಗುರುಗಳೂ ಆದರು. ಒಂದೇ ಮಾಡಿನ ಕೆಳಗೆ ಎರಡು ವ್ಯವಸ್ಥೆಗಳು ಸೇರಿಕೊಂಡವು. ನಮ್ಮ ಕರಾವಳಿಯ ಹಳೆಯ ಇಗರ್ಜಿಗಳ ಚರಿತ್ರೆಯಲ್ಲಿ ಕಾಣುವ ಅನೇಕ ಗೊಂದಲಗಳಿಗೆ ಈ ಬೆಸುಗೆಯೇ ಕಾರಣ.

ಸನ್ಯಾಸಿಗಳಲ್ಲೂ ಎರಡು ಬಗೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮವನ್ನು ಹಿಡಿದವರು ಒಂದು ಮಠಕ್ಕೆ ಸೇರಿದರೆ ಅಲ್ಲಿಯೇ ಬಾಳಿ ಅಲ್ಲಿಯೇ ಮುಗಿಯುವವರು. ಆಸಿಸಿಯ ಸಂತ ಫ್ರಾನ್ಸಿಸರು 13ನೇ ಶತಮಾನದ ಆರಂಭದಲ್ಲಿ ಕಟ್ಟಿದ್ದು ಬೇರೆಯೇ ಬಗೆಯ ಬಳಗ. ಅದರ ಸಹೋದರರು ಸಂತೆ, ಪೇಟೆ, ಬಂದರುಗಳ ನಡುವೆ ನಡೆದಾಡುತ್ತ, ಭಿಕ್ಷೆಯಿಂದ ಬದುಕುತ್ತ ಉಪದೇಶಿಸುವವರು. ಸ್ಥಾವರ ಜಂಗಮಗಳ ವಿವೇಕವನ್ನು ಬಲ್ಲ ಕನ್ನಡ ಮನಸ್ಸಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಿಲ್ಲ. ಕರಾವಳಿಗೆ ಬಂದವರು ಈ ಎರಡನೆಯವರು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲನ ಹಡಗುಗಳಲ್ಲಿ ಕೊಯಿಂಬ್ರದ ಹೆನ್ರಿಕ್ ಎಂಬವರ ಮುಂದಾಳುತನದಲ್ಲಿ ಎಂಟು ಮಂದಿ ಫ್ರಾನ್ಸಿಸ್ಕನ್ ಸಹೋದರರು ಪಶ್ಚಿಮ ಕರಾವಳಿಗೆ ಬಂದರು. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಆ ಹಡಗುಗಳು ತಂಗಿದ್ದವು.

ಕ್ರೈಸ್ತ ಮಠಗಳ ಮಾತು ಮುಂದುವರಿಸುವ ಮುನ್ನ ನಮ್ಮದೇ ನೆಲದ ಇನ್ನೊಂದು ಮಠದ ಕಡೆ ತಮ್ಮ ಗಮನ ಸೆಳೆಯಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ರಿಂದ 13ನೇ ಶತಮಾನದವರೆಗೆ ವಿಜೃಂಭಿಸಿದ ಕೋಡಿಯ ಮಠ ಕಾಳಾಮುಖ ಯತಿಗಳದು. ಕೇದಾರೇಶ್ವರ ದೇವಾಲಯದ ಆಡಳಿತ ಆ ಮಠದ ಕೈಯಲ್ಲಿತ್ತು. 1162ರ ಶಾಸನವೊಂದು ಆ ಮಠವನ್ನು ಬಣ್ಣಿಸುವ ರೀತಿ ಅಪೂರ್ವ. ಅಲ್ಲಿ ವೇದಗಳ ಜೊತೆಗೆ ವ್ಯಾಕರಣಗಳನ್ನೂ ಷಡ್ದರ್ಶನಗಳನ್ನೂ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು. ಕುರುಡರು, ಕಿವುಡರು, ಅನಾಥರು, ವಾದ್ಯಗಾರರು, ನಾನಾ ಪಂಥದ ಭಿಕ್ಷುಗಳು ಊಟ ಪಡೆಯುತ್ತಿದ್ದರು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ಇಂದು ಬಳ್ಳಿಗಾವಿಗೆ ಹೋದರೆ ಕೇದಾರೇಶ್ವರ ದೇವಾಲಯ ನಿಂತಿದೆ, ಶಾಸನಗಳಿವೆ, ಮಠವಿಲ್ಲ. ಕಾಳಾಮುಖ ಸಂತತಿಯೇ ಕರಗಿಹೋಗಿದೆ. ಕಲ್ಲು ಉಳಿದು ಪರಂಪರೆ ಕಡಿದುಹೋದುದಕ್ಕೆ ಬಳ್ಳಿಗಾವಿ ಸಾಕ್ಷಿ. ಫರಂಗಿಪೇಟೆಯಲ್ಲಿ ನಡೆದದ್ದು ಇದಕ್ಕೆ ನೇರ ವಿರುದ್ಧ. ಅಲ್ಲಿ ಕಲ್ಲು ಬಿದ್ದಿತು, ಗುರುಗಳು ಹೋದರು, ಪರಂಪರೆ ಮಾತ್ರ ನಿಂತಿತು. ಬಳ್ಳಿಗಾವಿಯ ಮಠಕ್ಕೆ ದತ್ತಿ ಬಿಟ್ಟವರು ಅರಸರು, ಸಾಮಂತರು, ವರ್ತಕ ಸಂಘಗಳು. ಊರಿನ ವೈಭವ ಸರಿದಂತೆ ಮಠದ ಆಸರೆಯೂ ಸರಿಯಿತು ಎಂಬುದು ನನ್ನ ಅನುಮಾನ. ಫರಂಗಿಪೇಟೆಯ ಆಸರೆ ಬೇರೆಡೆ ಇತ್ತು. ಅದು ಎಲ್ಲಿತ್ತೆಂಬುದನ್ನೇ ಈಗ ನೋಡಬೇಕು.

ಪರಂಪರೆಯ ಪ್ರಕಾರ ಮೊಂತೆ ಮರಿಯಾನೊದ ಆರಂಭ 1526. ಪೋರ್ಚುಗೀಸ್ ಗವರ್ನರ್ ಲೋಪೊ ವಾಜ್ ದಿ ಸಂಪಾಯೊ ಮಂಗಳೂರಿನ ಮೇಲೆ ಹಿಡಿತ ಸಾಧಿಸಿದ ಹೊತ್ತಿನಲ್ಲಿ ಫ್ರಾನ್ಸಿಸ್ಕನ್ ಸಹೋದರರು ಇಲ್ಲಿ ನೆಲೆಯೂರಿದರೆಂದು ಸಮುದಾಯದ ನೆನಪು ಹೇಳುತ್ತದೆ. ಇಂಥ ವರ್ಷವನ್ನು ಶಾಸನದ ತೇದಿಯಂತೆ ಓದಬಾರದು. ಸಮುದಾಯವೊಂದು ತನ್ನ ಮೊದಲನ್ನು ಎಲ್ಲಿ ಕಾಣುತ್ತದೆ ಎಂಬುದರ ಗುರುತಾಗಿ ಓದಬೇಕು. ದಾಖಲೆಗಳ ನೆಲ ಗಟ್ಟಿಯಾಗುವುದು ಸ್ವಲ್ಪ ತಡವಾಗಿ. ಗೋವಾ 1534ರಲ್ಲಿ ಧರ್ಮಪ್ರಾಂತ್ಯವಾಗಿ ಕರಾವಳಿಯ ಕ್ರೈಸ್ತರು ಅದರ ಅಧೀನಕ್ಕೆ ಬಂದರು. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿಕೊಂಡರು. ಬೋಳಾರದ ರೊಸಾರಿಯೊ ಇಗರ್ಜಿ ಅದೇ ವರ್ಷದ್ದು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಮಂಗಳೂರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಅಲ್ಲಿ ಮೂರು ಇಗರ್ಜಿಗಳನ್ನು ಹೆಸರಿಸುತ್ತಾನೆ: ಜಪಮಾಲೆಯ ಮಾತೆಯದು, ಕರುಣಾ ಸಭೆಯದು, ಆಸಿಸಿಯ ಸಂತ ಫ್ರಾನ್ಸಿಸರದು. ಮೂರನೆಯ ಹೆಸರೇ ಫ್ರಾನ್ಸಿಸ್ಕನ್ ಸಹೋದರರ ಹೆಜ್ಜೆ ಎಷ್ಟು ಆಳವಾಗಿತ್ತೆಂಬುದನ್ನು ತೋರಿಸುತ್ತದೆ.

ಆ ಸಹೋದರರು ಸಮುದ್ರದಂಡೆಯನ್ನು ಬಿಟ್ಟು ನದಿಯ ಮೇಲ್ಗಡೆಗೆ ಏಕೆ ಬಂದರು? ಉತ್ತರ ಅಕ್ಕಿಯಲ್ಲಿದೆ. ಗೋವೆಯ ಊಟದ ಅಕ್ಕಿ ಬಹುಪಾಲು ಕನ್ನಡ ಕರಾವಳಿಯಿಂದ ಹೋಗುತ್ತಿತ್ತು. ಇದೇ ಕರಾವಳಿಯ ಅಕ್ಕಿ ಅರಬ್ಬಿ ಕಡಲಿನಾಚೆ ಮಸ್ಕತ್ತಿಗೂ ಮುಟ್ಟುತ್ತಿತ್ತು. ನೇತ್ರಾವತಿಯ ಎರಡೂ ದಡಗಳ ಬೈಲುಗದ್ದೆಗಳ ಭತ್ತ ದೋಣಿಗಳಲ್ಲಿ ಕೆಳಗಿಳಿದು ಬಂದರಿಗೆ ಬರುತ್ತಿತ್ತು. ಮಠ ನಿಂತದ್ದು ಆ ದಾರಿಯ ಮೇಲೆ. ಭಿಕ್ಷೆಯ ಸನ್ಯಾಸಿ ಎಲ್ಲಿ ಅನ್ನವಿದೆಯೋ ಅಲ್ಲಿ ನಿಲ್ಲುವುದು ಸಹಜ. ಎಲ್ಲಿ ಅನ್ನವಿದೆಯೋ ಅಲ್ಲಿ ಜನವೂ ಇರುತ್ತದೆ.

ಆ ಜನ ಯಾರು ಎಂಬುದು ಇನ್ನೂ ಮುಖ್ಯ. ಇಂದಿನ ಮಂಗಳೂರಿನ ಕ್ರೈಸ್ತರ ಬಹುಪಾಲು ಪೂರ್ವಜರು ಗೋವೆಯಿಂದ ವಲಸೆ ಬಂದ ಕೊಂಕಣಿಗರು. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಯಿತು. 1570ರ ಸುಮಾರಿಗೆ ಬಿಜಾಪುರದ ದಾಳಿ ನಡೆಯಿತು. 1683ರಲ್ಲಿ, ಮತ್ತೆ 1739ರ ಸುಮಾರಿನಲ್ಲಿ ಮರಾಠರ ದಂಡಯಾತ್ರೆಗಳಾದವು. ಪ್ರತಿ ಬಾರಿಯೂ ಕುಟುಂಬಗಳು ದಕ್ಷಿಣಕ್ಕೆ ಸರಿದವು. ಕ್ರೈಸ್ತರಾದ ಮೇಲೂ ತಮ್ಮ ಹಳೆಯ ಆಚಾರ, ಮದುವೆಯ ಶಾಸ್ತ್ರ, ಊಟ, ಉಡುಗೆಗಳನ್ನು ಬಿಡದವರ ಮೇಲೆ ಆ ನ್ಯಾಯಾಲಯದ ಕಣ್ಣಿತ್ತು ಎಂಬುದನ್ನು ಮರೆಯಬಾರದು. ತಮ್ಮದೇ ಧರ್ಮದ ಅಧಿಕಾರದಿಂದ ತಪ್ಪಿಸಿಕೊಂಡು ಬಂದವರೂ ಈ ವಲಸೆಯಲ್ಲಿದ್ದರು.

ಹೀಗೆ ಬಂದವರಿಗೆ ನೆಲ ಕೊಟ್ಟವರು ಕೆಳದಿಯ ನಾಯಕರು. ಈ ಮಾತನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ, ಏಕೆಂದರೆ ಕರಾವಳಿಯ ಇಗರ್ಜಿಗಳನ್ನು ಪೋರ್ಚುಗೀಸರ ಕೊಡುಗೆ ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿ ಇದೆ. ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ ಮೇಲೆ ಅವರ ಬಲ ಕರಾವಳಿಯಲ್ಲಿ ಮುರಿಯಿತು. ಇಗರ್ಜಿಗಳ ಸಂಖ್ಯೆ ಹೆಚ್ಚಿದ್ದು ಅದಾದ ನಂತರ. 1678ರ ಒಪ್ಪಂದದಲ್ಲಿ ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಲು ಕೆಳದಿ ಒಪ್ಪಿಗೆ ಕೊಟ್ಟಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಎದ್ದದ್ದು ರಾಣಿ ಚೆನ್ನಮ್ಮಾಜಿ ಕೊಟ್ಟ ಜಾಗದಲ್ಲಿ. ಕಟ್ಟಿಸಿದವರು ಗೋವೆಯಲ್ಲೇ ಹುಟ್ಟಿದ, ಥಿಯಾಟಿನ್ ಸಭೆಯ ಧರ್ಮಾಧ್ಯಕ್ಷ ತೋಮಸ್ ದಿ ಕಾಸ್ತ್ರೊ. ಲಿಂಗಾಂಗಿಗಳಾದ ಅರಸರು ಇನ್ನೊಂದು ಧರ್ಮದ ಪೂಜಾಸ್ಥಳಕ್ಕೆ ಜಾಗ ಕೊಟ್ಟದ್ದರಲ್ಲಿ ಔದಾರ್ಯವೂ ಇತ್ತು, ಲೆಕ್ಕಾಚಾರವೂ ಇತ್ತು. ಶಿವಪ್ಪ ನಾಯಕನ ಶಿಸ್ತು ಎಂಬ ಕಂದಾಯ ಪದ್ಧತಿಯನ್ನು ಬಲ್ಲವರಿಗೆ ಗೊತ್ತು, ಕೆಳದಿಯ ಬೊಕ್ಕಸ ಬೇಸಾಯದ ಮೇಲೆ ನಿಂತಿತ್ತು. ಪಾಳು ನೆಲವನ್ನು ಗದ್ದೆ ಮಾಡುವ ಕೈಗಳು ಅವರಿಗೆ ಬೇಕಿದ್ದವು. ಆ ಕೈಗಳು ನಿಲ್ಲಬೇಕಾದರೆ ಅವರಿಗೊಂದು ಇಗರ್ಜಿ, ಒಂದು ಸ್ಮಶಾನ, ಒಬ್ಬ ಪಾದ್ರಿ ಬೇಕಿತ್ತು.

ಇದೇ ಕಾಲದಲ್ಲಿ, 1681ರಿಂದ 1684ರವರೆಗೆ, ಗೋವೆಯ ಜೋಸೆಫ್ ವಾಜ್ ಅವರು ಈ ಕರಾವಳಿಯಲ್ಲಿ ದುಡಿದರು. ಆಗ ಗುರುಗಳಲ್ಲೇ ಎರಡು ಪಕ್ಷ. ಪೋರ್ಚುಗಲ್ಲಿನ ಅರಸನ ಹಕ್ಕನ್ನು ಎತ್ತಿ ಹಿಡಿದವರು ಒಂದೆಡೆ, ರೋಮಿನಿಂದ ನೇರವಾಗಿ ನೇಮಕಗೊಂಡವರು ಇನ್ನೊಂದೆಡೆ. ಜೋಸೆಫ್ ವಾಜ್ ಆ ಜಗಳದ ನಡುವೆಯೇ ಜನರನ್ನು ಕಂಡರು. ಮುಂದೆ ಸಿಂಹಳಕ್ಕೆ ಹೋಗಿ ಅಲ್ಲಿಯೇ ದೇಹ ಬಿಟ್ಟ ಅವರನ್ನು 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಸಂತರೆಂದು ಘೋಷಿಸಲಾಯಿತು. ಗುರುಗಳ ಅಧಿಕಾರ ಯಾರದೆಂಬ ಜಗಳ ನೂರಾರು ವರ್ಷ ಎಳೆದರೂ ಒಕ್ಕಲು ಚೆದುರಲಿಲ್ಲ. ಪ್ರತಿ ವಾಡೆಗೆ ಒಬ್ಬ ಗುರ್ಕಾರ ಇದ್ದ. ಮನೆಗಳ ವಂತಿಗೆ ಎತ್ತುವುದು, ಕಷ್ಟದಲ್ಲಿದ್ದವರ ಸುದ್ದಿ ಪಾದ್ರಿಗೆ ಮುಟ್ಟಿಸುವುದು, ಮದುವೆ ಮರಣಗಳಲ್ಲಿ ಮುಂದೆ ನಿಲ್ಲುವುದು ಅವನ ಕೆಲಸ. ಇಗರ್ಜಿಯ ನಿಜವಾದ ಕಂಬಗಳು ಈ ಗುರ್ಕಾರರು.

18ನೇ ಶತಮಾನದ ಮಧ್ಯದಲ್ಲಿ ಮೊಂತೆ ಮರಿಯಾನೊದಲ್ಲಿ ಗುರುಗಳಾಗುವವರನ್ನು ತಯಾರಿಸುವ ಒಂದು ಗುರುಮಠ ನಡೆಯುತ್ತಿತ್ತು. ಅದರ ಹೊಣೆ ಗೋವೆಯ ಫಾದರ್ ಜೋಕಿಂ ಮಿರಾಂದಾ ಅವರದು. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಹುಟ್ಟುಹಬ್ಬದ ದಿನ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುವ ಆಚರಣೆಯನ್ನು 1763ರಲ್ಲಿ ಶುರುಮಾಡಿದವರು ಅವರೇ ಎಂಬುದು ಪರಂಪರೆ. ಇಂದು ಅದೇ ಮೊಂತಿ ಹಬ್ಬ. ಆ ವರ್ಷ ಯಾವುದೆಂಬುದನ್ನು ಗಮನಿಸಿ. 1763ರ ಆರಂಭದಲ್ಲೇ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ, ಅವರ ಆಳ್ವಿಕೆ ಮುಗಿಯಿತು. ಕರಾವಳಿಯ ರೈತನಿಗೆ ಒಡೆಯ ಬದಲಾದ ವರ್ಷವೇ ಹೊಸಬೆಳೆಯ ಹಬ್ಬ ಹುಟ್ಟಿತೆಂದು ಸಮುದಾಯ ನೆನಪಿಟ್ಟುಕೊಂಡಿದೆ.

ಈ ಹಬ್ಬದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಮಠವೊಂದು ಊರಿನೊಳಗೆ ಹೇಗೆ ಇಳಿಯುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ತಟ್ಟೆಗಳಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆಯ ಆಶೀರ್ವಾದ, ಬಲಿಪೂಜೆ, ಮೆರವಣಿಗೆ. ಮನೆಗೆ ತಂದ ತೆನೆಯಿಂದ ಕಾಳು ಬಿಡಿಸಿ, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟ ಬಾಳೆ ಎಲೆಯ ಮೇಲೆ, ಪೂರ್ತಿ ಸಸ್ಯಾಹಾರ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ತುಳುನಾಡಿನ ಹಿಂದೂ ಮನೆಗಳ ಕೊರಲ್ ಪರ್ಬ, ಹೊಸ ಅಕ್ಕಿ ಊಟದ ಪುದ್ದಾರ್, ಘಟ್ಟದ ಮೇಲೆ ಕೊಡವರ ಪುತ್ತರಿ, ಇವೆಲ್ಲ ಒಂದೇ ಮಣ್ಣಿನ ಹಬ್ಬಗಳು. ಆಮದಾದ ಧರ್ಮವೊಂದು ಏಣಿಲು ಎಂಬ ಮಳೆಗಾಲದ ಬೆಳೆಯ ತೆನೆಯನ್ನು ಬಲಿಪೀಠಕ್ಕೆ ಏರಿಸಿತು. ಗೋವೆಯ ನ್ಯಾಯಾಲಯ ಯಾವ ಬಗೆಯ ಆಚಾರಗಳನ್ನು ಅನುಮಾನದಿಂದ ನೋಡಿತ್ತೋ ಅವಕ್ಕೆ ಹತ್ತಿರದ್ದೊಂದು ಇಲ್ಲಿ ಇಗರ್ಜಿಯ ಒಳಗೇ ಜಾಗ ಪಡೆಯಿತು. ಈ ಹಬ್ಬದ ಮುಖ್ಯ ಭಾಗ ನಡೆಯುವುದು ಮನೆಯ ಅಡುಗೆಕೋಣೆಯಲ್ಲಿ, ಹಿರಿಯರ ಕೈಯಲ್ಲಿ. ಪಾದ್ರಿ ಇಲ್ಲದಿದ್ದರೂ ಅರ್ಧ ಹಬ್ಬವಾದರೂ ನಡೆದೇ ನಡೆಯುತ್ತದೆ.

ಪಾದ್ರಿಗಳಿಲ್ಲದ ಕಾಲ ಬಂದೇ ಬಂತು. ಎರಡನೆಯ ಆಂಗ್ಲೋ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಅವರ ಸಾಮೂಹಿಕ ಬಂಧನಕ್ಕೆ ಆಜ್ಞೆ ಮಾಡಿದ. 1784ರ ಬೂದಿ ಬುಧವಾರ ಎಂದು ಸಮುದಾಯ ಆ ದಿನವನ್ನು ಗುರುತಿಸುತ್ತದೆ. ಸೆರೆಯಾದವರ ಸಂಖ್ಯೆ ಟಿಪ್ಪುವಿನ ಕಡೆಯ ಬರಹದಲ್ಲಿ 60,000. ಬೇರೆ ಕೆಲವು ಬರಹಗಳಂತೆ ಸುಮಾರು 30,000. ಎರಡರ ನಡುವಿನ ಅಂತರ ದೊಡ್ಡದು. ಚಿಕ್ಕ ಸಂಖ್ಯೆಯನ್ನೇ ಒಪ್ಪಿದರೂ ಒಂದು ಸಮುದಾಯ ಬಹುತೇಕ ಇಡಿಯಾಗಿ ಕಿತ್ತುಬಂದಿತು ಎಂಬುದರಲ್ಲಿ ಸಂದೇಹವಿಲ್ಲ. ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆಸಿದ ಆ ದಾರಿಯಲ್ಲಿ, ಆಮೇಲಿನ ಹದಿನೈದು ವರ್ಷಗಳ ಸೆರೆಯಲ್ಲಿ ಸಾವಿರಾರು ಮಂದಿ ಸತ್ತರು. ಸಮುದಾಯದ ದಾಖಲೆಗಳಂತೆ 27 ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಚೌಟ ಅರಸರ ಮಧ್ಯಸ್ಥಿಕೆಯಿಂದ ಹೊಸ್ಪೆಟ್ಟಿನದು ಉಳಿಯಿತು. ಕೆಡವಿದವುಗಳ ಪಟ್ಟಿಯಲ್ಲಿ ಮೊಂತೆ ಮರಿಯಾನೊದ ಗುರುಮಠವೂ ಇದೆ. ಫಾದರ್ ಮಿರಾಂದಾ ಅವರನ್ನೂ ಇತರ ಗುರುಗಳನ್ನೂ ದಂಡ ವಿಧಿಸಿ ಗೋವೆಗೆ ಅಟ್ಟಲಾಯಿತು. ಮರಳಿದರೆ ಮರಣದಂಡನೆ ಎಂಬ ಎಚ್ಚರಿಕೆಯೂ ಇತ್ತು.

ಈ ಘಟನೆಯನ್ನು ಇಂದು ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ತಮ್ಮ ವಾದಕ್ಕೆ ಎಳೆದುಕೊಳ್ಳುತ್ತಾರೆ. ಶೃಂಗೇರಿ ಮಠಕ್ಕೆ ನೆರವಾದವನೂ ಇದೇ ಅರಸ ಎಂಬುದು ನಿಜ. ಕರಾವಳಿಯಲ್ಲಿ ನಡೆದ ಕ್ರೌರ್ಯವೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಚರಿತ್ರಕಾರನ ಕೆಲಸವಲ್ಲ. ರಾಜಕೀಯ ಶಂಕೆ ಸೈನಿಕರನ್ನು ಬಿಟ್ಟು ಮಕ್ಕಳು ಮುದುಕರ ಮೇಲೆ ತಿರುಗಿದಾಗ ಅದಕ್ಕೆ ಸಮರ್ಥನೆ ಹುಡುಕಲು ನಾನು ಸಿದ್ಧನಿಲ್ಲ.

ನಮ್ಮ ಪ್ರಶ್ನೆಗೆ ಬರೋಣ. 1784ರಿಂದ 1799ರವರೆಗೆ ಫರಂಗಿಪೇಟೆಯಲ್ಲಿ ಮಠವಿಲ್ಲ, ಗುರುಗಳಿಲ್ಲ, ಜನರೂ ಇಲ್ಲ. ಆಗ ಇಗರ್ಜಿ ಎಲ್ಲಿತ್ತು? ನನ್ನ ಉತ್ತರ: ಶ್ರೀರಂಗಪಟ್ಟಣದ ಸೆರೆಯಲ್ಲಿತ್ತು. ತುರ್ತಿನಲ್ಲಿ ಯಾರು ಬೇಕಾದರೂ ಮಗುವಿಗೆ ಜ್ಞಾನಸ್ನಾನ ಕೊಡಬಹುದು ಎನ್ನುವ ಧರ್ಮಸಭೆಯ ಹಳೆಯ ನಿಯಮ, ಹಿರಿಯರ ಬಾಯಲ್ಲಿದ್ದ ಪ್ರಾರ್ಥನೆ, ಮನೆತನಗಳ ನೆನಪು, ಇಷ್ಟೇ ಅವರ ಆಸ್ತಿ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಅನೇಕರು ಘಟ್ಟ ಇಳಿದರು. ಮರಳಿದವರು ಸುಮಾರು 15,000 ಎಂದು 1801ರಲ್ಲಿ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅವರ ಲೆಕ್ಕ. ಅವರ ಗದ್ದೆಗಳಲ್ಲಿ ಆಗ ಬೇರೆಯವರು ಉಳುತ್ತಿದ್ದರು. ಥಾಮಸ್ ಮನ್ರೋ, ಅವರ ನಂತರ ರೇವನ್‌ಶಾ, ಹೀಗೆ ಕಂಪನಿಯ ಕಲೆಕ್ಟರುಗಳ ಕಾಲದಲ್ಲಿ ಕೆಲವರಿಗೆ ಭೂಮಿ ಮರಳಿ ಸಿಕ್ಕಿತು, ಉಳಿದವರು ಗೇಣಿಗೆ ಹಿಡಿದರು. ಹಳೆಯ ಇಗರ್ಜಿಗಳ ಜಾಗಗಳನ್ನು ಹುಡುಕಿ ಮತ್ತೆ ಕಟ್ಟಿದವರು ಇವರೇ. ಇನ್ನೂ ಒಂದು ವಿಷಯ ಗಮನಾರ್ಹ. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಭೆಗಳನ್ನೇ ರದ್ದುಮಾಡಿತು. ಮರುವರ್ಷ ಗೋವೆಯ ಫ್ರಾನ್ಸಿಸ್ಕನ್ ಮಠಗಳು ಬರಿದಾದವು. ಫರಂಗಿಪೇಟೆಯ ಬೇರೆನಿಸಿದ್ದ ಮೂಲ ಮಠವೇ ಇಲ್ಲವಾಯಿತು. ಆದರೂ ಕರಾವಳಿಯ ಇಗರ್ಜಿಗಳು ಕದಲಲಿಲ್ಲ. ಮಂಗಳೂರು 1845ರಲ್ಲಿ ಕೇರಳದ ವರಾಪುಳದ ಆಡಳಿತದಿಂದ ಬೇರೆಯಾಗಿ ಕಾರ್ಮೆಲ್ ಸಭೆಯವರ ಕೈಯಲ್ಲಿತ್ತು; 1878ರ ಕೊನೆಗೆ ಯೇಸುಸಭೆಯವರು ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಗುರುಗಳ ಸಭೆ ಬದಲಾದಂತೆಲ್ಲ ಜನ ಅದೇ ಸ್ಮಶಾನದಲ್ಲಿ ಅಜ್ಜಂದಿರ ಪಕ್ಕ ಮಣ್ಣಾದರು.

ಮೊಂತೆ ಮರಿಯಾನೊಗೆ ಸನ್ಯಾಸಿಗಳು ಮತ್ತೆ ಬಂದದ್ದು 20ನೇ ಶತಮಾನದಲ್ಲಿ. ಬಂದವರು ಕಪುಚಿನ್ ಸಹೋದರರು. ಅವರೂ ಸಂತ ಫ್ರಾನ್ಸಿಸರ ಮಕ್ಕಳೇ, 1528ರಲ್ಲಿ ಇಟಲಿಯಲ್ಲಿ ಕವಲೊಡೆದ ಸುಧಾರಣೆಯ ಶಾಖೆ. ಇದನ್ನು ಮೂಲ ಮಠದ ಮುಂದುವರಿಕೆ ಎನ್ನಲು ಕಾನೂನಿನ ಆಧಾರವಿಲ್ಲ. ಆದರೆ ಮಠ ಊರನ್ನು ಹುಡುಕಿಕೊಂಡು ಬಂದದ್ದು ಇದು ಎರಡನೆಯ ಸಲ. ಈ ಸಲ ಊರು ಆಗಲೇ ಅಲ್ಲಿತ್ತು, ಹಬ್ಬವೂ ಇತ್ತು.

ನಾವು ಸೇರಿರುವ ಈ ಬೆಂಗಳೂರಿಗೂ ಈ ಮಾತಿಗೂ ಸಂಬಂಧವಿದೆ. ಹೊಸಕೆರೆಹಳ್ಳಿಯಿಂದ ಮೈಸೂರು ರಸ್ತೆ ಸೇರಿ ಕೆಂಗೇರಿಯ ಕಡೆ ಹೋದರೆ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠ ಸಿಗುತ್ತದೆ. ಸೇಲಂ ಬಳಿಯ ಸಿಲುವೈಗಿರಿಯಲ್ಲಿ 1947ರಲ್ಲಿ ಆರಂಭವಾದ ಆ ಸಮುದಾಯ 1957ರಲ್ಲಿ ಕೆಂಗೇರಿಗೆ ಬಂತು. ಅದಕ್ಕೂ ಮುನ್ನ, 1955ರಲ್ಲಿ, ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ ಅವರು ಇದೇ ಕೆಂಗೇರಿಯಲ್ಲಿ ಮಠ ಕಟ್ಟಲು ಪ್ರಯತ್ನಿಸಿ, 1958ರಲ್ಲಿ ಕೇರಳದ ಕುರಿಸುಮಲೆಗೆ ಹೋದರು. ಇವು ಒಂದೆಡೆ ನೆಲೆನಿಲ್ಲುವ ಬಗೆಯ ಮಠಗಳು. ನಗರದ ದಕ್ಷಿಣ ಬಡಾವಣೆಗಳ ಧರ್ಮಕೇಂದ್ರಗಳು ಬೆಳೆದ ಬಗೆ ಇನ್ನೊಂದು: ಕೆಲಸ ಹುಡುಕಿ ಬಂದವರು ಮೊದಲು, ಇಗರ್ಜಿ ಆಮೇಲೆ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಲಕ್ಷಾಂತರ ಜನ ಸೇರುವಾಗ, ಅದೇ ದಿನ ಈ ಬಡಾವಣೆಗಳ ಕೊಂಕಣಿ ಮನೆಗಳಲ್ಲಿ ಹೊಸ ತೆನೆಯ ಕಾಳು ಪಾಯಸಕ್ಕೆ ಬೀಳುತ್ತದೆ. ಗದ್ದೆ ಇಲ್ಲದ ಊರಿನಲ್ಲೂ ಗದ್ದೆಯ ಹಬ್ಬ ನಡೆಯುತ್ತಿರುವುದು ಸಣ್ಣ ಮಾತಲ್ಲ.

ಇದನ್ನೆಲ್ಲ ಬರೆಯಲು ಬೇಕಾದ ಆಧಾರಗಳು ಎಲ್ಲಿವೆ ಎಂಬ ಒಂದು ವಿಷಯ ಉಳಿದಿದೆ. ಮಠದ ಚರಿತ್ರೆಗೆ ಪಣಜಿಯ ದಫ್ತರಗಳು, ಲಿಸ್ಬನ್ನಿನ ಮತ್ತು ರೋಮಿನ ಭಂಡಾರಗಳು ಇವೆ; ವಿದ್ವಾಂಸರು ಅವನ್ನು ಬಹುಮಟ್ಟಿಗೆ ಶೋಧಿಸಿದ್ದಾರೆ. ಒಕ್ಕಲಿನ ಚರಿತ್ರೆಯ ಆಧಾರಗಳು ಇಗರ್ಜಿಗಳ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಲ್ಲಿ, ಗುರ್ಕಾರರ ವಂತಿಗೆ ಲೆಕ್ಕಗಳಲ್ಲಿ, ಮೂಲಗೇಣಿ ಚೀಟಿಗಳಲ್ಲಿ, ಮನೆಯ ಹಿರಿಯ ಹೆಂಗಸರ ನೆನಪಿನಲ್ಲಿ ಇವೆ. ಕರಾವಳಿಯ ಮಳೆಗೆ ಕಾಗದ ಬಹಳ ವರ್ಷ ತಡೆಯುವುದಿಲ್ಲ. ಶಾಸನಗಳನ್ನು ಊರೂರು ಅಲೆದು ಅಚ್ಚೊತ್ತಿಕೊಂಡ ಶ್ರದ್ಧೆಯಿಂದಲೇ ಈ ಪುಸ್ತಕಗಳನ್ನೂ ಕನ್ನಡದ ಚರಿತ್ರಕಾರರು ಕೈಗೆತ್ತಿಕೊಳ್ಳಬೇಕು. ಇಂಥ ಪುಸ್ತಕ, ಲೆಕ್ಕ, ಚೀಟಿ ತಮ್ಮ ಮನೆಗಳಲ್ಲಿ ಇದ್ದರೆ, ಅವು ಹರಿದಿರಲಿ, ಅರ್ಧ ಮಾತ್ರ ಉಳಿದಿರಲಿ, ಪ್ರತಿ ತೆಗೆಸಿ ನಾಡಿನ ದಫ್ತರಗಳಿಗೆ ಮುಟ್ಟಿಸಬೇಕೆಂದು ಈ ಸಭೆಯಲ್ಲಿರುವ ಕರಾವಳಿಯ ಬಂಧುಗಳನ್ನು ಕೇಳಿಕೊಳ್ಳುತ್ತೇನೆ.